ಸ್ಮಾರ್ಟ್ ಕ್ಲಾಸಿಗೆ ಬೀಗ: ಮಕ್ಕಳು ಕಲಿಯೋದು ಯಾವಾಗ?

ಮೈಸೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಗೆ ಮೊನ್ನೆ ಹೋಗಿದ್ದೆವು. ಊರಿನ ಹೆಸರು ಬೇಡ. ಪಾಪ, ಮೇಷ್ಟ್ರಿಗೆ ನೋಟೀಸು ಬಂದೀತು. ಅಲ್ಲೊಂದು ಕೋಣೆಗೆ ಬೀಗ. ತೆಗೆಸಿ ನೋಡಿದರೆ ಗೋಡೆಯ ಮೇಲೆ ದೊಡ್ಡ ಟಿ.ವಿ., ಅದಕ್ಕೆ ಹಳೇ ಬೆಡ್‌ಶೀಟು, ಮೂಲೆಯಲ್ಲಿ ಆಯುಧಪೂಜೆಯ ಕುಂಕುಮ! ಇದೇ ಸ್ಮಾರ್ಟ್ ಕ್ಲಾಸಂತೆ.

“ಯಾಕೆ ಮೇಷ್ಟ್ರೇ, ಮಕ್ಕಳಿಗೆ ತೋರಿಸೋದಿಲ್ವೆ?” ಎಂದು ಕೇಳಿದೆವು. “ಸ್ಟಾಕ್ ರಿಜಿಸ್ಟರಿನಲ್ಲಿ ನನ್ನ ಸಹಿ ಇದೆ ಸಾರ್. ಹುಡುಗರು ಕೈಹಾಕಿ ಕೆಟ್ಟರೆ ಕಟ್ಟಿಕೊಡೋರು ಯಾರು?” ಎಂದರು. ಅವರ ಭಯ ಸುಳ್ಳಲ್ಲ.

ನಮ್ಮ ಘನ ಸರ್ಕಾರಗಳಿಗೆ ಪೆಟ್ಟಿಗೆಯ ಮೋಹ ಇವತ್ತಿನದಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪಾಠ ಬಂತು. ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ವರ್ಷ ತುಂಬಿತು, ಉಪಗ್ರಹ ಬೇರೆಡೆಗೆ ಹೋಯಿತು. 2004ರಲ್ಲಿ ನಮ್ಮದೇ ಎಜುಸ್ಯಾಟ್ ಹಾರಿತು. ಪಕ್ಕದ ಚಾಮರಾಜನಗರದ ಶಾಲೆಗಳಿಗೂ ಅದರ ಪಾಠ ಬಂತು. 2010ರಲ್ಲಿ ಅದರ ಆಯಸ್ಸೂ ಮುಗಿಯಿತು. 2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ. ಆ ಕಷ್ಟಕಾಲಕ್ಕೆ ಅದು ಬೇಕೇ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಇವೆಲ್ಲದರ ಜಾಯಮಾನ ಒಂದೇ: ಪೆಟ್ಟಿಗೆ ಹೇಳುತ್ತೆ, ಮಗು ಕೇಳುತ್ತೆ. “ತಿಳೀಲಿಲ್ಲ, ಇನ್ನೊಂದ್ಸಲ ಹೇಳಿ” ಅನ್ನೋ ಹಾಗಿಲ್ಲ.

ಬೇರೆ ದಾರಿ ಇಲ್ಲವೆ? ಇದೆ. ನಮ್ಮ ಜಿಲ್ಲೆಯಲ್ಲೇ ಹುಟ್ಟಿದೆ. ರಿಷಿವ್ಯಾಲಿಯ ಪದ್ಧತಿ ನೋಡಿ ಬಂದ ಮೇಷ್ಟ್ರುಗಳು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರು ಮಾಡಿದ್ದೇ ನಲಿ-ಕಲಿ. ಬಂಡವಾಳ ಏನು? ರಟ್ಟಿನ ಕಾರ್ಡು, ಗೋಡೆ ಮೇಲೊಂದು ಕಲಿಕೆಯ ಏಣಿ. ಮಗು ತನ್ನ ಕಾರ್ಡು ತಾನೇ ತೆಗೆದುಕೊಂಡು ಮೆಟ್ಟಿಲು ಹತ್ತುತ್ತೆ. ರಾಗಿ ಕೊಯ್ಲಿಗೆಂದು ಹದಿನೈದು ದಿನ ತಪ್ಪಿಸಿಕೊಂಡ ಹುಡುಗಿ, ನಿಲ್ಲಿಸಿದ್ದ ಮೆಟ್ಟಿಲಿಂದಲೇ ಮುಂದಕ್ಕೆ ಹೋಗಬಹುದು. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಕಾರ್ಡು ಬೀರು ಸೇರಿದ ಕಡೆ ಅದೂ ಕೆಟ್ಟಿದೆ, ಆ ಮಾತು ಬೇರೆ.

ಹಾಗಾದರೆ ಯಂತ್ರ ಬೇಡವೆ? ಬೇಕು ಸ್ವಾಮಿ! ಆದರೆ ಆ ಕಾರ್ಡಿನ ಹಾಗೆ ಮಗುವಿನ ಕೈಗೆ ಬರಬೇಕು.

ಕೋಟೆ ಕಡೆಯ ಇನ್ನೊಂದು ಶಾಲೆಯಲ್ಲಿ ಮೇಡಂ ಒಬ್ಬರು ತಮ್ಮ ಸ್ವಂತ ಮೊಬೈಲನ್ನೇ ಐದನೇ ಕ್ಲಾಸಿನವರಿಗೆ ಕೊಟ್ಟಿದ್ದರು. ಮಕ್ಕಳು ಹಾಡಿಯ ಅಜ್ಜಿಯೊಬ್ಬರನ್ನು ಕಾಡುಗೆಡ್ಡೆಗಳ ವಿಷಯ ಕೇಳಿ ರೆಕಾರ್ಡ್ ಮಾಡಿಕೊಂಡು ಬಂದಿದ್ದರು. ನಿಲ್ಲಿಸಿ ನಿಲ್ಲಿಸಿ ಕೇಳಿ ಬರೆಯುತ್ತಿದ್ದರು. “ನಾಕು ಹೆಸರು ಹೇಳಿದ್ದು”, “ಅಲ್ಲ ಕಣೋ, ಐದು” ಎಂದು ಜಗಳ! ದಿನಾ ಹಿಂದಿನ ಸಾಲಲ್ಲಿ ಬಾಯಿಬಿಡದೆ ಕೂರುವ ಹಾಡಿಯ ಹುಡುಗ ಅವತ್ತು ಎಲ್ಲರಿಗೂ ಮೇಷ್ಟ್ರು. ಅಜ್ಜಿಯ ಮಾತು ಪೂರಾ ತಿಳಿಯೋದು ಅವನೊಬ್ಬನಿಗೇ! ಒಂದು ಸಾದಾ ಮೊಬೈಲು ಮಾಡಿದ ಈ ಕೆಲಸವನ್ನು ಬೀಗ ಹಾಕಿದ ದೊಡ್ಡ ಟಿ.ವಿ. ಮಾಡೀತೆ?

2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಘೋಷಣೆಯಾಯಿತು. ಇನ್ನು ಕರೆಂಟ್ ಬಿಲ್ಲಿನ ನೆಪ ಹೇಳುವಂತಿಲ್ಲ. ಉಳಿದದ್ದು ಮೂರು ಕೆಲಸ. ಮಕ್ಕಳು ಬಳಸುವಾಗ ಕೆಟ್ಟ ಸಾಮಾನಿಗೆ ಮೇಷ್ಟ್ರ ಸಂಬಳ ಮುಟ್ಟುವುದಿಲ್ಲವೆಂದು ಬರವಣಿಗೆಯಲ್ಲಿ ಹೇಳಿ. ಪೆಟ್ಟಿಗೆ ಕೊಳ್ಳುವ ದುಡ್ಡಿನಲ್ಲಿ ಒಂದು ಪಾಲು ರಿಪೇರಿಗೆ ತೆಗೆದಿಡಿ. ಇನ್ಸ್‌ಪೆಕ್ಷನ್ನಿಗೆ ಬಂದವರು “ಟಿ.ವಿ. ಎಷ್ಟಿವೆ?” ಅನ್ನೋದು ಬಿಟ್ಟು, “ಮಕ್ಕಳೇ, ಇದರಿಂದ ನೀವೇನು ಮಾಡಿದಿರಿ, ತೋರಿಸಿ” ಎನ್ನಲಿ.

ಮುಟ್ಟಿದರೆ ತಾನೆ ಕೆಡೋದು? ಮುಟ್ಟಿದರೆ ತಾನೆ ಕಲಿಯೋದು! ಆ ಕೋಣೆಯ ಬೀಗದ ಕೈ ಹೆಡ್‌ಮೇಷ್ಟ್ರ ಜೇಬಿನಲ್ಲಿದೆ ನಿಜ. ಬೀಗ ಹಾಕಿಸಿದವರು ಮೇಲಿದ್ದಾರೆ. ಸಂಬಂಧಪಟ್ಟವರು ತೆಗೆಸುವರೇ?