ಚಿತ್ರ ಯಾರ ಗೋಡೆಯ ಮೇಲೆ?

ಗಿರಣಿಯೊಂದರ ಉದ್ಘಾಟನೆಯ ದಿನ ತೆಗೆದ ಛಾಯಾಚಿತ್ರವನ್ನು ನೋಡಿ. ನಡುವೆ ಮಂತ್ರಿಗಳು, ಪಕ್ಕದಲ್ಲಿ ಧಣಿಗಳು, ಎಲ್ಲರ ಕೊರಳಲ್ಲೂ ಹಾರ. ಯಂತ್ರ ಕೂರಿಸಿದ ಕೈಗಳು ಮಾತ್ರ ಅಲ್ಲಿಲ್ಲ. ಯಾರು ಚಿತ್ರದಲ್ಲಿರಬೇಕೆಂಬುದನ್ನು ಹಣ ಕೊಟ್ಟವರು ನಿರ್ಧರಿಸುತ್ತಾರೆ. ಹೀಗಿರುವಾಗ, ಛಾಯಾಚಿತ್ರಗಳ ಉತ್ಸವವೆಂದರೆ ಉಳ್ಳವರ ಹವ್ಯಾಸ, ದುಡಿಯುವವನಿಗೆ ಅದರಿಂದೇನು ಎಂದು ತಳ್ಳಿಹಾಕುವುದು ಸುಲಭ. ಅದಕ್ಕೆ ಮುನ್ನ ಬಾಂಗ್ಲಾದೇಶದ ಢಾಕಾ ನಗರದ ಕಡೆ ನೋಡೋಣ.

ಅಲ್ಲಿ 2000ದಲ್ಲಿ ‘ಛಬಿ ಮೇಳ’ ಆರಂಭವಾಯಿತು. ಬಂಗಾಳಿಯಲ್ಲಿ ಛಬಿ ಎಂದರೆ ಚಿತ್ರ. ಛಾಯಾಗ್ರಾಹಕ ಶಹಿದುಲ್ ಆಲಂ ಅವರ ದೃಕ್ ಸಂಸ್ಥೆಯೂ ‘ಪಾಠಶಾಲಾ’ ಎಂಬ ಛಾಯಾಗ್ರಹಣದ ಶಾಲೆಯೂ ಸೇರಿ ನಡೆಸಿದ ಮೇಳವಿದು. ದೇಶವಿದೇಶಗಳ ಚಿತ್ರಗಳು ಬಂದವು ಎಂಬುದು ದೊಡ್ಡ ಮಾತಲ್ಲ. ಸಭಾಂಗಣದ ಮೆಟ್ಟಿಲು ಹತ್ತಲು ಅಂಜುವ ಜನರ ಬಳಿಗೆ ಚಿತ್ರಗಳೇ ಹೋದವು. ಸಾಮಾನು ಸಾಗಿಸುವ ಮೂರು ಗಾಲಿಯ ಸೈಕಲ್ ಬಂಡಿಗಳ ಮೇಲೆ ಅವನ್ನು ಕಟ್ಟಿ ಬೀದಿಗಳಲ್ಲಿ ಸುತ್ತಿಸಿದರು. ಇದು ದೊಡ್ಡ ಮಾತು.

ಅಧಿಕಾರದಲ್ಲಿರುವವರು ಚಿತ್ರಕ್ಕೆ ಹೆದರುತ್ತಾರೆಯೆ? ಹೆದರುತ್ತಾರೆ. 2010ರ ಮಾರ್ಚಿಯಲ್ಲಿ, ವಿಚಾರಣೆಯಿಲ್ಲದೆ ಪೊಲೀಸು ಪಡೆ ಜನರನ್ನು ಕೊಂದುದರ ಬಗ್ಗೆ ಆಲಂ ಅವರು ದೃಕ್‌ನಲ್ಲಿ ಪ್ರದರ್ಶನ ಏರ್ಪಡಿಸಿದಾಗ ಪೊಲೀಸರು ಬಾಗಿಲು ತಡೆದು ನಿಂತರು. ಉದ್ಘಾಟನೆಗೆ ಬಂದಿದ್ದ ಲೇಖಕಿ ಮಹಾಶ್ವೇತಾ ದೇವಿಯವರು ಬೀದಿಯಲ್ಲೇ ಅದನ್ನು ನೆರವೇರಿಸಿದರು. 2018ರಲ್ಲಿ ಆಲಂ ಅವರು ನೂರಕ್ಕೂ ಹೆಚ್ಚು ದಿನ ಸೆರೆಯಲ್ಲಿದ್ದರು. ನಿರುಪದ್ರವಿ ಹವ್ಯಾಸಕ್ಕೆ ಯಾವ ಸರ್ಕಾರವೂ ಇಷ್ಟು ಶ್ರಮಪಡುವುದಿಲ್ಲ.

ಹಸಿದವನಿಗೆ ಮೊದಲು ಅನ್ನ ಬೇಡವೆ ಎಂದು ಕೇಳುವವರಿದ್ದಾರೆ. ಬೇಕು, ನಿಜ. ಆದರೆ 2013ರ ಏಪ್ರಿಲ್ 24ರಂದು ಢಾಕಾದ ಬಳಿ ರಾಣಾ ಪ್ಲಾಜಾ ಕಟ್ಟಡ ಕುಸಿಯಿತು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿದ್ದರೂ ಸಿದ್ಧ ಉಡುಪು ಹೊಲಿಯುವವರನ್ನು ಒಳಕ್ಕೆ ಅಟ್ಟಿದ್ದರು. ಸತ್ತವರು 1,100ಕ್ಕೂ ಮಿಕ್ಕಿ. ಅವಶೇಷದಡಿ ಒಬ್ಬರನ್ನೊಬ್ಬರು ತಬ್ಬಿಕೊಂಡೇ ಪ್ರಾಣಬಿಟ್ಟ ಗಂಡು ಹೆಣ್ಣಿನ ಚಿತ್ರವನ್ನು ತಸ್ಲೀಮಾ ಅಖ್ತರ್ ತೆಗೆದರು. ಆಕೆ ಪಾಠಶಾಲಾದಲ್ಲಿ ಕಲಿತವರು, ಉಡುಪು ಕಾರ್ಮಿಕರ ಸಂಘಟಕಿ. ಅಗ್ಗದ ಅಂಗಿ ತೊಡುವ ದೂರದೇಶಗಳ ಜನ ಅದರ ನಿಜವಾದ ಬೆಲೆಯನ್ನು ಆ ಚಿತ್ರದಲ್ಲಿ ಕಂಡರು. ಅನ್ನದ ಹೋರಾಟಕ್ಕೆ ಚಿತ್ರವೂ ಸಾಕ್ಷಿ ನುಡಿಯಬಲ್ಲದು.

ಇನ್ನೊಂದು ಮುಖವನ್ನೂ ನೋಡಬೇಕು. ಫ್ರಾನ್ಸಿನ ಆರ್ಲ್ ಪಟ್ಟಣದಲ್ಲಿ 1970ರಿಂದ ಇಂಥ ಉತ್ಸವ ನಡೆದುಬಂದಿದೆ. ಬೇಸಿಗೆಯಲ್ಲಿ ಊರು ತುಂಬುತ್ತದೆ. ಹೋಟೆಲಿನವರಿಗೂ ಸಣ್ಣ ಅಂಗಡಿಯವರಿಗೂ ನಾಲ್ಕು ಕಾಸು ಸಿಗುತ್ತದೆ. ಅದು ಒಳ್ಳೆಯದೇ. ಆದರೆ ಚಿತ್ರ ತೂಗುಹಾಕಿದ ಆ ದೊಡ್ಡ ಷೆಡ್ಡುಗಳು ಒಂದು ಕಾಲಕ್ಕೆ ರೈಲ್ವೆ ಕಾರ್ಯಾಗಾರಗಳು, 1984ರಲ್ಲಿ ಮುಚ್ಚಿಹೋದವು. ಉತ್ಸವ ಅವನ್ನು ಮುಚ್ಚಿಸಲಿಲ್ಲ, ನಿಜ. ಆದರೆ ಉತ್ಸವ ತರುವ ಕೆಲಸ ಒಂದು ಋತುವಿನದು; ಕಾರ್ಯಾಗಾರದ ಕೆಲಸ ವರ್ಷವಿಡೀ ಒಲೆ ಉರಿಸುವಂಥದು. ಒಂದನ್ನು ತೋರಿಸಿ ಇನ್ನೊಂದರ ಲೆಕ್ಕ ತೀರಿತೆನ್ನುವವರನ್ನು ನಂಬಬಾರದು.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಉತ್ಸವ ಬೇಡವೆನ್ನುವುದಲ್ಲ, ಅದು ನಮ್ಮದಾಗಬೇಕೆನ್ನುವುದು. ಪ್ರವೇಶಕ್ಕೆ ಶುಲ್ಕವಿರಬಾರದು. ಚಿತ್ರಗಳು ಕಾರ್ಮಿಕರ ಕೇರಿಗೆ, ಬಸ್ ನಿಲ್ದಾಣಕ್ಕೆ, ಶಾಲೆಯ ಅಂಗಳಕ್ಕೆ ಬರಬೇಕು. ಚಿತ್ರದಲ್ಲಿರುವವನಿಗೆ ಅದನ್ನು ಮೊದಲು ನೋಡುವ, ಅದರ ಬಗ್ಗೆ ಮಾತಾಡುವ ಹಕ್ಕು ಬೇಕು. ಏನು ತೂಗಬೇಕು, ಏನು ತೂಗಬಾರದು ಎಂಬುದು ದೇಣಿಗೆ ಕೊಟ್ಟವರ ಮರ್ಜಿಗೆ ಬಿಟ್ಟ ಮಾತಾಗಬಾರದು.

ಇಂದು ಕೂಲಿಕಾರನ ಜೇಬಿನಲ್ಲೂ ಕ್ಯಾಮರಾ ಇರುವ ಫೋನು ಇದೆ. ಚಿತ್ರ ತೆಗೆಯುವ ಸಾಧನ ಕೈಗೆ ಬಂದಾಯಿತು. ಅದನ್ನು ತೂಗುವ ಗೋಡೆ ಇನ್ನೂ ಬಂದಿಲ್ಲ. ಅದನ್ನು ಕೇಳಿ ಪಡೆಯೋಣ.