ಒಂದು ಮೊಲ ತಾನೇ?



ಕಳೆದ ತಿಂಗಳು ಹುಲಿಕೆರೆಯ ನಮ್ಮ ಮನೆಯಲ್ಲಿ ಒಂದು ಸಾವಾಯಿತು. ಸೂತಕವಿಲ್ಲದ, ತಿಥಿಯಿಲ್ಲದ ಸಾವು. ನನ್ನ ಏಳು ವರ್ಷದ ಮೊಮ್ಮಗಳು ಸಾಕಿದ್ದ ಬಿಳಿಯ ಮೊಲ ತೀರಿಕೊಂಡಿತು. ಆ ಸಾವಿನ ಬಳಿಕ ದೊಡ್ಡವರೆನಿಸಿಕೊಂಡ ನಾವು ನಡೆದುಕೊಂಡ ರೀತಿಯ ಬಗ್ಗೆ ನನಗೊಂದು ತಕರಾರಿದೆ. ಆರೋಪಿಗಳ ಪಟ್ಟಿಯಲ್ಲಿ ನನ್ನ ಹೆಸರೂ ಇದೆ.

ನಡೆದದ್ದಿಷ್ಟು. ಭಾನುವಾರದ ಸಂಜೆ ಮಗು ಮೊಲವನ್ನು ಎದೆಗವಚಿಕೊಂಡು ಜಗಲಿಯ ಮೇಲೆ ನಿಂತಿದ್ದಳು. ಬೀದಿಯಲ್ಲಿ ಹೋಗುತ್ತಿದ್ದ ಬೈಕೊಂದು ಜೋರಾಗಿ ಹಾರ್ನ್ ಮಾಡಿತು. ಬೆದರಿದ ಮೊಲ ಹಿಂಗಾಲುಗಳಿಂದ ಒದ್ದು, ಕೈಯಿಂದ ಜಾರಿ, ಅಂಗಳದ ಕಲ್ಲುಚಪ್ಪಡಿಯ ಮೇಲೆ ಬಿತ್ತು. ಓಡಲು ನೋಡಿತು. ಮುಂಗಾಲುಗಳು ಮಾತ್ರ ನಡೆದವು. ಹಿಂಗಾಲುಗಳು ಬಟ್ಟೆಯಂತೆ ಹಿಂದೆ ಎಳೆದುಕೊಂಡು ಬಂದವು. ಪಶುವೈದ್ಯರು ಬೆನ್ನುಮೂಳೆ ಮುರಿದಿದೆಯೆಂದರು. ನೋವಿಗೆ ಚುಚ್ಚುಮದ್ದು ಕೊಟ್ಟರು. ಇದು ಮತ್ತೆ ನಡೆಯಲಾರದು, ನರಳಾಟ ಹೆಚ್ಚಾದರೆ ದಯಾಮರಣವೇ ಉಪಕಾರ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆ ನಿರ್ಧಾರದ ಹೊರೆಯನ್ನು ಅದು ನಮ್ಮ ಮೇಲೆ ಹೊರಿಸಲಿಲ್ಲ. ಬೆಳಗಾಗುವ ಮುನ್ನವೇ ಉಸಿರು ನಿಂತಿತ್ತು.

ಅನಂತರ ಮಗುವಿನ ಕಿವಿಗೆ ಬಿದ್ದ ಮಾತುಗಳಿವು. ಒಬ್ಬರೆಂದರು: "ಎತ್ಕೋಬೇಡ ಅಂತ ಎಷ್ಟು ಸಲ ಹೇಳಿದ್ದೆ? ಈಗ ನೀನೇ ಕೊಂದ ಹಾಗಾಯ್ತು." ಇನ್ನೊಬ್ಬರು: "ಅಳಬೇಡ ಪುಟ್ಟಿ, ಅದು ಚಂದಮಾಮನ ಹತ್ರ ಹೋಗಿದೆ." ಮತ್ತೊಬ್ಬರು: "ಹಾಸನದಿಂದ ಇನ್ನೊಂದು ತಂದರಾಯ್ತು ಬಿಡಿ." ನಾನು, ನಲವತ್ತು ವರ್ಷಗಳ ಹತ್ತಿರ ಮಕ್ಕಳ ನಡುವೆ ಬದುಕಿದವನು, ಪತ್ರಿಕೆಯಿಂದ ತಲೆಯೆತ್ತಿ ಹೇಳಿದೆ: "ಒಂದು ಮೊಲ ತಾನೇ? ಸಾಕು ಮಾಡು."

ಮೊದಲನೆಯ ಮಾತು ಅನ್ಯಾಯ. ಮೊಲದ ಮೂಳೆ ಬಲು ಹಗುರ. ಬೆಕ್ಕಿನ ಅಸ್ಥಿಪಂಜರ ಅದರ ದೇಹತೂಕದ ಶೇ. 12–13ರಷ್ಟಿದ್ದರೆ ಮೊಲದ್ದು ಶೇ. 7–8 ಮಾತ್ರ. ಹಿಂಗಾಲಿನ ಸ್ನಾಯುಗಳಾದರೋ ಬಹಳ ಬಲವಾದವು. ಹೀಗಾಗಿ ಬೆದರಿ ಒದ್ದರೆ ತನ್ನ ಒದೆತದಿಂದಲೇ ತನ್ನ ಬೆನ್ನು ಮುರಿದುಕೊಳ್ಳಬಲ್ಲ ಪ್ರಾಣಿ ಅದು. ಇದನ್ನು ಏಳು ವರ್ಷದ ಮಗು ತಿಳಿದಿರಬೇಕಿತ್ತೇ? ಹುಟ್ಟುಹಬ್ಬಕ್ಕೆಂದು ಅದನ್ನು ಕೊಂಡು ತಂದು ಅವಳ ಕೈಗಿಟ್ಟವರು ನಾವು. ಹಿಡಿಯುವ ಬಗೆಯನ್ನು ನಾವೂ ಕಲಿಯಲಿಲ್ಲ, ಅವಳಿಗೂ ಕಲಿಸಲಿಲ್ಲ. ಪಾಠವನ್ನೇ ಮಾಡದ ಮೇಷ್ಟರು ಪರೀಕ್ಷೆಯಲ್ಲಿ ಹುಡುಗನನ್ನು ಫೇಲು ಮಾಡಿದಂತಾಯಿತು.

ಎರಡನೆಯದು ಸುಳ್ಳು. ಚಂದ್ರನಲ್ಲಿ ಮೊಲವನ್ನು ಕಂಡು ಅವನನ್ನು ಶಶಾಂಕನೆಂದು ಕರೆದ ಹಿರಿಯರ ಕಲ್ಪನೆ ಸುಂದರವೇ. ಆದರೆ ಮಗು ಕೇಳಿದ್ದೇನು ಗೊತ್ತೇ? "ಅಲ್ಲಿ ಅದರ ಕಾಲು ಸರಿಹೋಯ್ತಾ ತಾತ? ಯಾವಾಗ ವಾಪಸು ಬರುತ್ತೆ?" ಆ ಸುಳ್ಳು ಸಮಾಧಾನವನ್ನು ಕೊಡಲಿಲ್ಲ, ಕಾಯುವ ಶಿಕ್ಷೆಯನ್ನು ಕೊಟ್ಟಿತು. ಮೂರನೆಯ ಮಾತು ಕಲಿಸುವುದು, ಜೀವವೂ ಪೆನ್ಸಿಲಿನಂತೆ, ಮುರಿದರೆ ಬೇರೊಂದು ಎಂಬುದನ್ನು. ಅದೇ ವಾರ ಅದೇ ಬಣ್ಣದ ಮೊಲವನ್ನು ತಂದರೆ ನಮ್ಮ ಮುಜುಗರ ಕಳೆದೀತು, ಅವಳ ದುಃಖ ಕಳೆಯದು.

ನಾಲ್ಕನೆಯದು ನನ್ನದೇ. ಅದಕ್ಕೆ ಹಳೆಯ ಬೇರಿದೆ. ಶಾಲೆಯಲ್ಲಿ ಪ್ರತಿವರ್ಷವೂ ಗೋವಿನ ಹಾಡನ್ನು ಕಲಿಸುತ್ತಿದ್ದೆ. ಪುಣ್ಯಕೋಟಿ ಕರುವನ್ನು ಬಿಟ್ಟು ಹೊರಡುವಾಗ ಮಕ್ಕಳ ಕಣ್ಣು ತುಂಬಿದರೆ ನನ್ನ ಪಾಠ ಗೆದ್ದಿತೆಂದು ಹಿಗ್ಗುತ್ತಿದ್ದೆ. ಅಂತಹುದೇ ಒಂದು ವರ್ಷ, ಹುಡುಗನೊಬ್ಬ ಲೆಕ್ಕ ಮಾಡಿಕೊಂಡು ಬಂದಿರಲಿಲ್ಲ. ಕಾರಣ ಕೇಳಿದರೆ, ಹಿಂದಿನ ರಾತ್ರಿ ಮನೆಯ ಕರು ಹಗ್ಗಕ್ಕೆ ಕುತ್ತಿಗೆ ಸಿಕ್ಕಿ ಸತ್ತಿತೆಂದ. "ಕರು ಸತ್ತರೆ ಲೆಕ್ಕಕ್ಕೇನು?" ಎಂದು ಅವನನ್ನು ಹೊರಗೆ ನಿಲ್ಲಿಸಿದೆ. ಹಾಡಿನ ಹಸುವಿಗೆ ಅತ್ತರೆ ಮೆಚ್ಚುಗೆ, ಮನೆಯ ಕರುವಿಗೆ ಅತ್ತರೆ ಶಿಕ್ಷೆ! ಆ ಹಗ್ಗವನ್ನು ಕಟ್ಟಿದವನು ಅವನೇ ಎಂಬುದು ಬಹಳ ದಿನಗಳ ಮೇಲೆ ತಿಳಿಯಿತು. ಅಪ್ಪಾ, ನೀನು ಇದನ್ನು ಓದುತ್ತಿದ್ದರೆ, ಅಂದು ತಪ್ಪಿದ್ದು ನಿನ್ನ ಲೆಕ್ಕವಲ್ಲ, ನನ್ನದು.

"ಹಳ್ಳಿಯ ಮಕ್ಕಳು ಗಟ್ಟಿಯಾಗಬೇಕು ಮೇಷ್ಟ್ರೇ, ಕೋಳಿ ಕುಯ್ಯುವ ಊರಿನಲ್ಲಿ ಮೊಲಕ್ಕೆ ಅಳುವುದೇ?" ಎನ್ನುವವರಿದ್ದಾರೆ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಅವರು. ದುಡಿದ ಎತ್ತು ಸತ್ತಾಗ ಅರಿಸಿನ ಕುಂಕುಮವಿಟ್ಟು ಹೊಲದಲ್ಲೇ ಮಣ್ಣು ಮಾಡಿ, ಎರಡು ದಿನ ಸರಿಯಾಗಿ ಉಣ್ಣದ ಗಟ್ಟಿ ರೈತರನ್ನು ನಾನು ಇದೇ ಸೀಮೆಯಲ್ಲಿ ಕಂಡಿದ್ದೇನೆ. ಇನ್ನೂ ಹಿಂದಕ್ಕೆ ಹೋಗಿ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕ್ರಿ.ಶ. 949–50ರದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗ ದೊರೆ ಇಮ್ಮಡಿ ಬೂತುಗ ಬೇಕಾದ್ದನ್ನು ಕೇಳೆಂದಾಗ, ಆ ವೀರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ದೊಡ್ಡದೊಂದು ಹಂದಿಯೊಡನೆ ಸೆಣಸಿ, ಎರಡೂ ಸತ್ತವು. ಮಣಲೇರ ಇನ್ನೊಂದು ನಾಯಿ ತಂದರಾಯಿತೆನ್ನಲಿಲ್ಲ. ಕಲ್ಲು ನಿಲ್ಲಿಸಲಾಯಿತು, ಅದರ ಪೂಜೆಗೆ ಭೂಮಿಯನ್ನು ಬಿಡಲಾಯಿತು. ನಾಯಿ ಹಂದಿಗಳ ಕಾಳಗವನ್ನು ಕೆತ್ತಿದ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧ ಗೆದ್ದವನಿಗೆ ನಾಚಿಕೆಯಾಗದ ದುಃಖಕ್ಕೆ ನಮ್ಮ ಮನೆಯ ಮಗುವೇಕೆ ನಾಚಬೇಕು?

ಮೂರನೆಯ ದಿನ ನಾನು ಮೊಮ್ಮಗಳನ್ನು ಕರೆದುಕೊಂಡು ಕಲ್ಯಾಣಿಯ ಕಡೆಗೆ ನಡೆದೆ. ಹೊಯ್ಸಳರ ಕಾಲದ ಆ ಮೆಟ್ಟಿಲುಗಳ ಮೇಲೆ ಕುಳಿತು ಉಳ್ಳದ್ದನ್ನು ಹೇಳಿದೆ: ಮೊಲ ಸತ್ತಿದೆ, ಹಿತ್ತಲಿನ ಸೀಬೆಮರದಡಿ ಹೂತಿದ್ದೇವೆ, ಮರಳಿ ಬಾರದು. ಅದು ಬಿದ್ದದ್ದು ನಿನ್ನ ಕೈಯಿಂದ ಹೌದು. ಆದರೆ ನೀನು ಕೊಲ್ಲಲಿಲ್ಲ. ಹಿಡಿಯುವುದನ್ನು ಕಲಿಸದಿದ್ದದ್ದು ನಮ್ಮ ತಪ್ಪು. ಅವಳು ಬಹಳ ಹೊತ್ತು ಅತ್ತಳು. ನಾನು ಸುಮ್ಮನೆ ಕುಳಿತಿದ್ದೆ. ಆಮೇಲೆ, "ಅದಕ್ಕೆ ಕೊತ್ತಂಬರಿ ಇಷ್ಟ ಇತ್ತು ತಾತ, ಅಲ್ಲಿ ಬೀಜ ಹಾಕೋಣ್ವಾ?" ಎಂದಳು. ಹಾಕಿದ್ದೇವೆ, ಮೊಳಕೆ ಬಂದಿದೆ.

ಮೊಲ ಸಾಕಿರುವ ಮನೆಗಳಿಗೆ ಎರಡು ಮಾತು. ಕಿವಿ ಹಿಡಿದು ಎತ್ತಬೇಡಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಇರಲಿ. ಮಕ್ಕಳು ನೆಲದ ಮೇಲೆ ಕುಳಿತೇ ಮುದ್ದಿಸಲಿ. ಬಿದ್ದು ಹಿಂಗಾಲು ಆಡದಿದ್ದರೆ ನೀವಬೇಡಿ, ಮನುಷ್ಯರ ಮಾತ್ರೆ ಕೊಡಬೇಡಿ. ಗಟ್ಟಿ ರಟ್ಟಿನ ಮೇಲೆ ಬಟ್ಟೆ ಹಾಸಿ ಮಲಗಿಸಿ, ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಹೊಲದ ಕಾಡುಮೊಲವನ್ನಂತೂ ಹಿಡಿದು ತರಲೇಬೇಡಿ; 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ರಕ್ಷಣೆ ಕೊಟ್ಟಿದೆ.

ಮತ್ತು, ನಿಮ್ಮ ಮನೆಯ ಮಗು ಸತ್ತ ಮೊಲಕ್ಕೋ ಗಿಳಿಗೋ ಅಳುತ್ತಾ ಬಂದರೆ, ಕೈಯಲ್ಲಿರುವ ಪತ್ರಿಕೆಯನ್ನು ಕೆಳಗಿಡಿ. ನಾನು ಇಡಲಿಲ್ಲ.