ಮಾಡದೊಳಗಿನ ಬಾಟಲಿ ಯಾರ ಕೈಗೆ ಸಿಗುತ್ತದೆ?



ಈ ಪುಟದಲ್ಲಿ ಕೆಚ್ಚಲು ಬಾವು, ಕಾಲುಬಾಯಿ ಬೇನೆ, ಕರುಗಳ ಜಂತುಹುಳು ಎಂದು ಬರೆಯುವುದು ನಮ್ಮ ರೂಢಿ. ಈ ಸಲ ಬರೆಯುತ್ತಿರುವುದು ದನಗಳ ಬಗ್ಗೆ ಅಲ್ಲ, ನಿಮ್ಮ ಮನೆಯ ಹದಿಹರೆಯದ ಮಕ್ಕಳ ಬಗ್ಗೆ. ಪಶುವೈದ್ಯರಿಗೆ ಇದರಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಕೆಲಸ ಇದೆ. ತಪ್ಪಿನಲ್ಲಿ ನನ್ನ ಪಾಲೂ ಇದೆ.

ಎರಡು ಮಳೆಗಾಲದ ಹಿಂದಿನ ಮಾತು. ಖಾನಾಪುರ ತಾಲೂಕಿನ ಕಾಡಂಚಿನ ಒಂದು ಊರಿನಲ್ಲಿ ಈದ ಎಮ್ಮೆಗೆ ಜ್ವರ, ಬಾವು. ಮೂರು ದಿನ ಇಂಜೆಕ್ಷನ್ ಕೊಡಬೇಕಿತ್ತು. ಹಳ್ಳ ತುಂಬಿದರೆ ಮರುದಿನ ಬರಲಾಗುವುದಿಲ್ಲ ಎಂದು ಬಾಟಲಿಯನ್ನೂ ಎರಡು ಸೂಜಿಗಳನ್ನೂ ಆ ಮನೆಯಲ್ಲೇ ಬಿಟ್ಟು ಬಂದೆ. ಮನೆಯಾಕೆ ಅದನ್ನು ಗೋಡೆಯ ಮಾಡದಲ್ಲಿ ಇಟ್ಟರು. ಮೂರನೆಯ ದಿನ ಹೋದಾಗ ಬಾಟಲಿ ಅಲ್ಲಿರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಮಗನ ಕಾಲೇಜು ಚೀಲದಲ್ಲಿ. ಅದರ ಜೊತೆಗೆ ಅಜ್ಜಿಯ ನಿದ್ದೆ ಗುಳಿಗೆಯ ಪಟ್ಟಿಯೂ ಇತ್ತು, ಹತ್ತರಲ್ಲಿ ಆರು ಖಾಲಿ. ಅಜ್ಜಿ ಮರೆವಿನಲ್ಲಿ ಎರಡೆರಡು ಸಲ ನುಂಗುತ್ತಾಳೆ ಎಂದೇ ಮನೆಯವರು ಅಂದುಕೊಂಡಿದ್ದರು.

ಹುಡುಗನಿಗೆ ಹದಿನಾರು ವರ್ಷ. ಬೆಳಗಾವಿಯಲ್ಲಿ ರೂಮು ಮಾಡಿಕೊಂಡು ಪಿಯುಸಿ ಓದುತ್ತಿದ್ದ. ಸೂಜಿಯನ್ನು ಚುಚ್ಚಿಕೊಂಡಿರಲಿಲ್ಲ, ಪುಣ್ಯ. ಗುಳಿಗೆಯನ್ನು ಮಾತ್ರ ಪರೀಕ್ಷೆಯ ಹೆದರಿಕೆಗೆಂದು ಶುರು ಮಾಡಿ, ಆಮೇಲೆ ಸುಮ್ಮನೆ ನುಂಗುತ್ತಿದ್ದ. ರೂಮಿನ ಗೆಳೆಯರಿಗೂ ಕೊಡುತ್ತಿದ್ದ. ತಾಯಿ ಅಳಲಿಲ್ಲ, ಬೈಯಲಿಲ್ಲ. ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದರು: "ಡಾಕ್ಟರ್ರ, ಆ ಬಾಟ್ಲಿ ನೀವ ಇಟ್ಟು ಹೋಗಿದ್ದ ಅಲ್ಲೇನ್ರಿ?"

ಹೌದು, ನಾನೇ ಇಟ್ಟು ಹೋಗಿದ್ದೆ. ಹುಡುಗ ಈಗ ಚೆನ್ನಾಗಿದ್ದಾನೆ. ಊರ ಹೆಸರು ಹೇಳುವುದಿಲ್ಲ ಎಂದು ಆ ತಾಯಿಗೆ ಮಾತು ಕೊಟ್ಟು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಗಳಲ್ಲಿ ಏನೇನಿದೆ ಎಂದು ಒಮ್ಮೆ ಲೆಕ್ಕ ಹಾಕಿ. ಅಜ್ಜ-ಅಜ್ಜಿಯನ್ನು ಬೆಳಗಾವಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದಾಗ ತಂದ ಚೀಲದಲ್ಲಿ ನಿದ್ದೆಯ ಗುಳಿಗೆ, ಆಪರೇಷನ್ ನಂತರದ ನೋವಿನ ಗುಳಿಗೆ, ಅರ್ಧ ಕುಡಿದ ಕೆಮ್ಮಿನ ಔಷಧ. ದನದ ಕಡೆಗೆ ಬಂದರೆ ಅರ್ಧ ಉಳಿದ ಇಂಜೆಕ್ಷನ್ ಬಾಟಲಿ, ಬಳಸಿದ ಸೂಜಿ, ಕೆಚ್ಚಲಿಗೆ ಹಾಕುವ ಟ್ಯೂಬು, ಜಂತಿನ ಔಷಧ, ಉಣ್ಣೆಗೆ ಸಿಂಪಡಿಸುವ ವಿಷ. ಇವೆಲ್ಲ ಇರುವುದು ಎಲ್ಲಿ? ಮಾಡದಲ್ಲಿ, ಟಿವಿ ಮೇಲೆ, ದೇವರ ಜಗಲಿ ಪಕ್ಕದಲ್ಲಿ, ಕೊಟ್ಟಿಗೆಯ ತೊಲೆಯ ಸಂದಿಯಲ್ಲಿ. ಚಿನ್ನಕ್ಕೆ ಕೀಲಿ ಇದೆ, ಬೀಜದ ಜೋಳಕ್ಕೆ ಕೀಲಿ ಇದೆ. ಔಷಧಕ್ಕೆ ಮಾತ್ರ ಇಲ್ಲ.

ಮಾದಕ ವಸ್ತು ಎಂದರೆ ಊರಾಚೆಯಿಂದ ಯಾರೋ ಕದ್ದು ತಂದು ಮಾರುವುದು ಎಂದೇ ನಾವು ತಿಳಿದಿದ್ದೇವೆ. ಅದೂ ಇದೆ. ಆದರೆ ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರ ಪ್ರಕಾರ ದೇಶದಲ್ಲಿ 10ರಿಂದ 75 ವರ್ಷದೊಳಗಿನ ಸುಮಾರು 1.18 ಕೋಟಿ ಜನ ನಿದ್ದೆ-ಮಂಪರಿನ ಔಷಧಗಳನ್ನು ವೈದ್ಯರ ಸಲಹೆಯಿಲ್ಲದೆ ಬಳಸುತ್ತಾರೆ. ಇವು ಯಾವ ಕಾಡಿನಲ್ಲೂ ಬೆಳೆದವಲ್ಲ. ಔಷಧ ಅಂಗಡಿಯಿಂದ, ಮನೆಯ ಕಪಾಟಿನಿಂದ ಬಂದವು.

ಸರ್ಕಾರ ಅಂಗಡಿಯ ಬಾಗಿಲಿಗೆ ಬೀಗ ಹಾಕಲು ನೋಡಿದೆ. 2014ರ ಮಾರ್ಚ್‌ನಿಂದ ನಿದ್ದೆಯ ಗುಳಿಗೆಯಂಥ ಔಷಧಗಳನ್ನು ಮಾರುವ ಅಂಗಡಿಯವರು ರೋಗಿಯ ಹೆಸರು, ವೈದ್ಯರ ಹೆಸರು, ಕೊಟ್ಟ ಪ್ರಮಾಣವನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ನೋವಿಗೆ ಕೊಡುವ ಟ್ರಮಡಾಲ್ ಎಂಬ ಗುಳಿಗೆಯನ್ನು 2018ರಲ್ಲಿ ಮಾದಕ ದ್ರವ್ಯ ಕಾಯ್ದೆಯ ಕೆಳಗೆ ತಂದರು. ಆದರೆ ಒಮ್ಮೆ ಔಷಧ ನಮ್ಮ ಹೊಸಿಲು ದಾಟಿತೆಂದರೆ ಅಲ್ಲಿ ಯಾವ ರಿಜಿಸ್ಟರೂ ಇಲ್ಲ, ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಅಲ್ಲಿ ಲೆಕ್ಕ ಇಡಬೇಕಾದವರು ನೀವು.

ಲೆಕ್ಕ ನಿಮಗೆ ಹೊಸದಲ್ಲ. ಫ್ಯಾಟ್ ಒಂದು ಪಾಯಿಂಟ್ ಕಡಿಮೆ ಬಂದರೆ ಡೇರಿಯಲ್ಲಿ ನಿಂತು ಕೇಳುವವರು ನೀವು. ಬಟವಾಡೆಯಲ್ಲಿ ಹತ್ತು ರೂಪಾಯಿ ತಪ್ಪಿದರೂ ನಿಮಗೆ ಗೊತ್ತಾಗುತ್ತದೆ. ಅಂಥವರಿಗೆ ಗುಳಿಗೆಯ ಪಟ್ಟಿ ಎಣಿಸುವುದು ದೊಡ್ಡ ಮಾತಲ್ಲ. ಹೀಗೆ ಮಾಡಿ.

ಮೊದಲು, ಒಂದು ಸಣ್ಣ ಟ್ರಂಕು ಅಥವಾ ಗಟ್ಟಿ ಡಬ್ಬ ತೆಗೆದುಕೊಂಡು ಕೀಲಿ ಹಾಕಿ. ಮನುಷ್ಯರ ಔಷಧಕ್ಕೆ ಒಂದು, ದನದ ಔಷಧಕ್ಕೆ ಇನ್ನೊಂದು. ಕೀಲಿಕೈ ನಿಮ್ಮ ಹತ್ತಿರ ಇರಲಿ. ಉಣ್ಣೆಯ ವಿಷವನ್ನು ಇವೆರಡರಿಂದಲೂ ದೂರ, ಮನೆಯ ಹೊರಗೆ, ಬೀಗ ಹಾಕುವ ಜಾಗದಲ್ಲಿ ಇಡಿ. ಅದನ್ನು ಎಂದಿಗೂ ನೀರಿನ ಬಾಟಲಿಗೆ ಸುರಿದು ಇಡಬೇಡಿ. ಮಕ್ಕಳು ನಶೆಗಷ್ಟೇ ಔಷಧ ಹುಡುಕುವುದಿಲ್ಲ. ಫಲಿತಾಂಶ ಬಂದ ದಿನ, ಅಪ್ಪ ಹೊಡೆದ ದಿನ, ಮನಸ್ಸು ಕೆಟ್ಟ ಒಂದು ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಆ ಗಳಿಗೆ ದಾಟಿದರೆ ಮಗು ಉಳಿಯುತ್ತದೆ. ಬೀಗ ದಾಟಿಸುವುದು ಆ ಗಳಿಗೆಯನ್ನು.

ಎರಡನೆಯದು, ಪಟ್ಟಿಯ ಮೇಲೆ ಕೆಂಪು ಗೆರೆ ಇದೆಯೇ ನೋಡಿ. ಇದ್ದರೆ ಅದು ವೈದ್ಯರ ಚೀಟಿ ಇಲ್ಲದೆ ಬಳಸಬಾರದ ಔಷಧ. ಕೆಂಪು ಅಕ್ಷರದಲ್ಲಿ ಎನ್‌ಆರ್‌ಎಕ್ಸ್ ಎಂದಿದ್ದರೆ ಅದು ಮಾದಕ ದ್ರವ್ಯ ಕಾಯ್ದೆಗೆ ಒಳಪಟ್ಟದ್ದು. ಓದಲು ಬಾರದಿದ್ದರೆ ಅಂಗಡಿಯವರಿಂದ ಗುರುತು ಹಾಕಿಸಿಕೊಳ್ಳಿ. ಇಂಥ ಪಟ್ಟಿಯಲ್ಲಿ ಎಷ್ಟು ಉಳಿದಿವೆ ಎಂದು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ವಾರಕ್ಕೊಮ್ಮೆ ಬರೆಯಿರಿ. ಅಜ್ಜಿಯ ಗುಳಿಗೆಯನ್ನು ಅಜ್ಜಿಯ ಕೈಗೆ ನೀವೇ ಕೊಡಿ.

ಮೂರನೆಯದು, ಉಳಿದದ್ದನ್ನು ಎಸೆಯುವ ಮಾತು. ತಿಪ್ಪೆಗೆ ಹಾಕಬೇಡಿ, ಅದು ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತದೆ. ಹಳ್ಳಕ್ಕೂ ಹಾಕಬೇಡಿ. ನಮ್ಮ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯ ನೀರನ್ನು ಹುಬ್ಬಳ್ಳಿ-ಧಾರವಾಡದವರೆಗೆ ಜನ ಕುಡಿಯುತ್ತಾರೆ. ದನದ ಔಷಧ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದಕ್ಕೆ ಹದ್ದುಗಳ ಕಥೆ ಸಾಕು. ಡೈಕ್ಲೋಫಿನಾಕ್ ಕೊಟ್ಟಿದ್ದ ದನ ಸತ್ತು, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ದೇಶದಲ್ಲಿ ಅವುಗಳ ಸಂತತಿಯೇ ಕುಸಿದ ಮೇಲೆ 2006ರಲ್ಲಿ ಆ ಔಷಧವನ್ನು ದನಗಳಿಗೆ ನಿಷೇಧಿಸಿದರು.

ಹಾಗಾದರೆ ಏನು ಮಾಡಬೇಕು? ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ. ಟ್ರಮಡಾಲ್, ಡಯಾಜೆಪಾಮ್, ಮಾರ್ಫಿನ್ ಸೇರಿ 17 ಔಷಧಗಳು ಬೇರೆಯವರ ಕೈಗೆ ಸಿಕ್ಕರೆ ಒಂದೇ ಡೋಸು ಜೀವ ತೆಗೆಯಬಹುದು. ಹಾಗಾಗಿ ಬಳಕೆ ಮುಗಿದವನ್ನು ಮನೆಯಲ್ಲಿ ಇಡದೆ ಶೌಚಾಲಯಕ್ಕೆ ಹಾಕಿ ನೀರು ಬಿಡಿ ಎಂದು ಅದು ಹೇಳುತ್ತದೆ. ಈ ಪಟ್ಟಿಯಲ್ಲಿ ನಿಮ್ಮ ಮನೆಯ ಗುಳಿಗೆ ಇದೆಯೇ ಎಂದು ಅಂಗಡಿಯವರನ್ನು ಕೇಳಿ. ಮಿಕ್ಕ ಔಷಧಗಳನ್ನು ನೀರಿಗೆ ಹಾಕಬಾರದು. ಗುಳಿಗೆಗಳನ್ನು ಪಟ್ಟಿಯಿಂದ ಬಿಡಿಸಿ, ಬೂದಿ ಅಥವಾ ಮಣ್ಣಿನಲ್ಲಿ ಕಲಸಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಪಂಚಾಯಿತಿಯ ಕಸದ ಗಾಡಿಗೆ ಬೇರೆಯಾಗಿ ಕೊಡಿ. ಅವಧಿ ಮೀರಿದ ಔಷಧ ಮತ್ತು ಸೂಜಿಗಳನ್ನು ಬೇರೆಯಾಗಿಯೇ ಕೊಡಬೇಕೆಂದು 2016ರ ಕಸದ ನಿಯಮಗಳೂ ಹೇಳಿದ್ದವು.

ದನಕ್ಕೆ ಬಳಸಿದ ಸೂಜಿ ಮತ್ತು ಬಾಟಲಿ ಮಾತ್ರ ನಿಮ್ಮ ಹೊಣೆಯಲ್ಲ. ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮ ಪಶು ಆಸ್ಪತ್ರೆಗಳಿಗೂ ಅನ್ವಯಿಸುತ್ತದೆ. ನಾವು ತಂದದ್ದನ್ನು ನಾವೇ ಒಯ್ಯಬೇಕು. ನಾನು ಬಿಟ್ಟು ಹೊರಟರೆ ನನ್ನನ್ನು ನಿಲ್ಲಿಸಿ, "ಇದನ್ನ ತಗೊಂಡ ಹೋಗ್ರಿ" ಎನ್ನಿ. ಸಂಕೋಚ ಬೇಡ.

ಈಗ ನನ್ನ ಅಭಿಪ್ರಾಯ ಹೇಳುತ್ತೇನೆ. ಕೇರಳದಲ್ಲಿ 2025ರಿಂದ ಔಷಧ ನಿಯಂತ್ರಣ ಇಲಾಖೆಯವರೇ ಮನೆಗಳಿಂದ ಉಳಿದ ಔಷಧ ಸಂಗ್ರಹಿಸುವ ಕೆಲಸ ಶುರು ಮಾಡಿದ್ದಾರೆ. ಅಮೆರಿಕದಲ್ಲಿ 2010ರಿಂದ ಇದಕ್ಕೆಂದೇ ದಿನ ಗೊತ್ತು ಮಾಡಿ ಪೊಲೀಸರೇ ವಾಪಸು ಪಡೆಯುತ್ತಾರೆ. ನಮ್ಮಲ್ಲಿ ಅದಕ್ಕೆ ಕಾಯಬೇಕಿಲ್ಲ. ದಿನಕ್ಕೆ ಎರಡು ಹೊತ್ತು ಊರಿನ ಹೆಣ್ಣುಮಕ್ಕಳು ತಪ್ಪದೆ ಹೋಗುವ ಜಾಗ ಹಾಲಿನ ಸಂಘ. ಪ್ರತಿ ಸಂಘದಲ್ಲೂ ದನದ ಔಷಧ ವಾಪಸು ಹಾಕುವ ಒಂದು ಪೆಟ್ಟಿಗೆ ಇರಬೇಕು. ಕೀಲಿ ಪಶುವೈದ್ಯರ ಬಳಿ ಇರಲಿ. ತಿಂಗಳಿಗೊಮ್ಮೆ ಅದನ್ನು ಖಾಲಿ ಮಾಡಿ ನಮ್ಮ ಆಸ್ಪತ್ರೆ ತ್ಯಾಜ್ಯದ ಜೊತೆ ಕಳುಹಿಸುವುದು ನಮ್ಮ ಕೆಲಸ.

ಈ ಮಾತು ಎತ್ತಿದಾಗ ಒಬ್ಬ ಕಾರ್ಯದರ್ಶಿ, "ಹಾಲಿನ ಬಾಜೂಕ ಔಷಧ ಹೆಂಗ ಇಡೋದ್ರಿ?" ಎಂದರು. ಅವರ ಮಾತು ಸರಿ. ಹಾಲು ಅಳೆಯುವ ಕೋಣೆಯೊಳಗೆ ಬೇಡ, ಹೊರಗಿನ ಗೋಡೆಗೆ ಬಿಗಿದು ಇಡೋಣ. ಪೆಟ್ಟಿಗೆಯನ್ನೇ ಯಾರಾದರೂ ಒಡೆದರೆ ಎಂದರು ಇನ್ನೊಬ್ಬರು. ಅದಕ್ಕೇ ನಿದ್ದೆ ಮತ್ತು ನೋವಿನ ಗುಳಿಗೆಗಳು ಅದರೊಳಗೆ ಬರಬಾರದು, ದನದ ಔಷಧ ಮಾತ್ರ ಬರಬೇಕು.

ನಿಮ್ಮಲ್ಲಿ ಹಲವರ ತಕರಾರು ಇದಕ್ಕಿಂತ ದೊಡ್ಡದು: "ಮಳೆಗಾಲದಾಗ ಡಾಕ್ಟರು ಬರೂದಿಲ್ಲ, ಮನ್ಯಾಗ ಔಷಧ ಇರಲಿಲ್ಲಂದ್ರ ಎಮ್ಮಿ ಸಾಯಲೇನ್ರಿ?" ಜಾಂಬೋಟಿ, ಕಣಕುಂಬಿ ಕಡೆಯ ಮಳೆ ಕಂಡವರು ಇದನ್ನು ಅಲ್ಲಗಳೆಯಲಾರರು. ಔಷಧ ಇಡಲೇಬೇಡಿ ಎಂದು ನಾನು ಹೇಳುವುದಿಲ್ಲ. ಇಡುವುದಾದರೆ ಎಷ್ಟು ಡೋಸು, ಯಾವ ದಿನಕ್ಕೆ ಎಂದು ಚೀಟಿ ಬರೆದು, ಕೀಲಿ ಹಾಕುವ ಡಬ್ಬದಲ್ಲಿ ಇಡೋಣ. ಎಮ್ಮೆ ಗುಣವಾದ ದಿನವೇ ಉಳಿದದ್ದು ವಾಪಸು ಬರಲಿ. ಇದರಿಂದ ಇನ್ನೊಂದು ಲಾಭವೂ ಇದೆ. ಉಳಿದ ಆಂಟಿಬಯೋಟಿಕ್ ಅನ್ನು ಅಂದಾಜಿನ ಮೇಲೆ ಇನ್ನೊಂದು ದನಕ್ಕೆ ಕೊಟ್ಟು, ಬಿಡಬೇಕಾದಷ್ಟು ದಿನ ಹಾಲು ಬಿಡದೆ ಡೇರಿಗೆ ಹಾಕುವುದು ತಾನಾಗಿಯೇ ನಿಲ್ಲುತ್ತದೆ.

ಕೊನೆಯದಾಗಿ, ನಿಮ್ಮ ಮಗ ಅಥವಾ ಮಗಳ ಮೇಲೆ ಅನುಮಾನ ಬಂದರೆ. ಹಗಲೆಲ್ಲ ಮಂಪರು, ತೊದಲು ಮಾತು, ಚೀಲದಲ್ಲಿ ಖಾಲಿ ಪಟ್ಟಿ, ಲೆಕ್ಕ ಸಿಗದ ದುಡ್ಡು ಕಂಡರೆ ಹೊಡೆಯಬೇಡಿ, ಊರ ಮುಂದೆ ಮಾನ ಕಳೆಯಬೇಡಿ. ಕೂತು ಕೇಳಿ. ಬಹಳ ದಿನದಿಂದ ನಿದ್ದೆ ಗುಳಿಗೆ ನುಂಗುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ವೈದ್ಯರೇ ಮೆಲ್ಲಗೆ ಇಳಿಸಬೇಕು. ಬೆಳಗಾವಿಯ ಬಿಮ್ಸ್ ಆಸ್ಪತ್ರೆಗೆ ಅಥವಾ ಧಾರವಾಡದ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ವ್ಯಸನ ಬಿಡಿಸುವ ಸಹಾಯವಾಣಿ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಎರಡೂ ಉಚಿತ. ಯಾರಾದರೂ ಹೆಚ್ಚು ಗುಳಿಗೆ ಅಥವಾ ವಿಷ ನುಂಗಿದ್ದಾರೆ ಎಂದು ಗೊತ್ತಾದರೆ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಕರೆ ಮಾಡಿ, ಖಾಲಿ ಪಟ್ಟಿ ಅಥವಾ ಬಾಟಲಿಯನ್ನು ಜೊತೆಗೇ ಒಯ್ಯಿರಿ.

ಆ ದಿನದ ನಂತರ ನನ್ನ ಚೀಲದಲ್ಲಿ ಒಂದು ಸಣ್ಣ ವಹಿ ಇಟ್ಟಿದ್ದೇನೆ. ಯಾವ ಮನೆಯಲ್ಲಿ ಏನು ಬಿಟ್ಟೆ, ಯಾವಾಗ ವಾಪಸು ತಂದೆ ಎಂದು ಬರೆಯುತ್ತೇನೆ. ಇಂದು ಸಂಜೆ ಹಾಲು ಹಾಕಿ ಬಂದ ಮೇಲೆ ನೀವೂ ಒಂದು ಕೆಲಸ ಮಾಡಿ. ಮಾಡ, ಟಿವಿ ಮೇಲಿನ ಜಾಗ, ಕೊಟ್ಟಿಗೆಯ ತೊಲೆ ಇಷ್ಟನ್ನು ಕೈಯಾಡಿಸಿ ನೋಡಿ, ಸಿಕ್ಕಿದ್ದನ್ನೆಲ್ಲ ಒಂದು ಮೊರದಲ್ಲಿ ಹಾಕಿ. ಅದರಲ್ಲಿ ನಾನು ಬಿಟ್ಟುಹೋದ ಬಾಟಲಿ ಇದ್ದರೆ, ಮುಂದಿನ ಸಲ ಬಂದಾಗ ನನ್ನ ಕೈಗೇ ಕೊಡಿ.